ನಮ್ಮ ಸಿನಿಮಾದಲ್ಲಿ ಕಾರು ಸುಡೋದಿಲ್ಲ

ಗೆಳೆಯರೇ, ಸ್ವಲ್ಪ ಉದ್ದದ ಪೋಸ್ಟ್. ಟೀ ಹಿಡ್ಕೊಂಡು ಕೂತು ಓದಿ.

ಹೋದ ವಾರ ಇಲ್ಲೇ ಎರಡು ಸಾಲು ಹಾಕಿದ್ದೆ. ಮಡಿವಾಳದ ನಾವೊಂದಷ್ಟು ಜನ ಸೇರಿ ಒಂದು ಸಿನಿಮಾ ಮಾಡ್ತಿದ್ದೀವಿ, ಮುಂದೆ ಬರೋ ಕಾಲದ ಕಥೆ, ಕೌಬಾಯ್ ಸಿನಿಮಾದ ಧಾಟಿ, ಆದರೆ ಕುದುರೆ ಇಲ್ಲ. ಕುದುರೆ ಜಾಗದಲ್ಲಿ ಒಂದು ಹಳೇ ಮಾರುತಿ 800, ಅದರೊಳಗೆ ಒಂದು ಪೂರ್ತಿ ಸಂಸಾರ. ಬಜೆಟ್ ಅಂದರೆ ನಮ್ಮ ನಮ್ಮ ಜೇಬು, ಕ್ಯಾಮೆರಾ ಅಂದರೆ ಎರಡು ಫೋನು.

ಅಷ್ಟಕ್ಕೇ ಇನ್‌ಬಾಕ್ಸ್ ತುಂಬಿಹೋಯ್ತು. ಒಬ್ಬ ಹಿರಿಯ ಸಂಗಾತಿ, ಅವರ ಮೇಲೆ ನನಗೆ ತುಂಬಾ ಗೌರವ, "ನಮ್ಮವರ ಮನೆ ಸುಡ್ತಿರೋ ಕಾಲದಲ್ಲಿ ನಿಮಗೆ ಕಾರಿನ ಶೋಕಿನಾ?" ಅಂತ ಕೇಳಿದರು. ಇನ್ನೊಬ್ಬರು, ವೆಸ್ಟರ್ನ್ ಸಿನಿಮಾ ಅಂದರೇ ಅಮೆರಿಕದ ಮೂಲನಿವಾಸಿಗಳನ್ನ ಕೊಂದು ನೆಲ ಕಿತ್ತುಕೊಂಡವರ ಹೊಗಳಿಕೆ, ಅದನ್ನ ನೀವು ಯಾಕೆ ಹೊರ್ತೀರಿ ಅಂದರು. ಮೂರನೆಯವರು ಸಿನಿಮಾ ಕೆಲಸ ಬಲ್ಲವರು. ಅವರು ಬೈಯಲಿಲ್ಲ, ಸಲಹೆ ಕೊಟ್ಟರು: ಕ್ಲೈಮ್ಯಾಕ್ಸಲ್ಲಿ ಆ ಕಾರು ಸುಟ್ಟುಬಿಡಿ, ಜನ ಮರೆಯಲ್ಲ.

ಮೂವರಿಗೂ ಉತ್ತರ ಕೊಡಬೇಕು. ಅದಕ್ಕೆ ಮೊದಲು ಆ ಕಾರು ಎಲ್ಲಿಂದ ಬಂತು ಅಂತ ಹೇಳ್ತೀನಿ.

ನಮ್ಮಪ್ಪ ಡ್ರೈವರ್. ಇಪ್ಪತ್ತೆರಡು ವರ್ಷ ಒಂದೇ ಮನೆಯವರ ಕಾರು ಓಡಿಸಿದ. ಹೆಸರು ಬೇಡ. ಕೆಟ್ಟ ಜನ ಅಂತಲ್ಲ. ಹಬ್ಬಕ್ಕೆ ಬಟ್ಟೆ ಕೊಡೋರು, ಅಮ್ಮನ ಆಪರೇಷನ್‌ಗೆ ಸಾಲ ಕೊಟ್ಟಿದ್ರು. ಅಪ್ಪನ ಸ್ಟೀಲ್ ಲೋಟ ಮಾತ್ರ ಗ್ಯಾರೇಜಿನ ಕಿಟಕಿ ಮೇಲೆ ಬೇರೆ ಇರ್ತಿತ್ತು. ಆ ಮನೆಯ ಹೆಂಡತಿ ಮಕ್ಕಳನ್ನೆಲ್ಲ ರಾತ್ರಿಯಿಡೀ ಘಾಟಿಯಲ್ಲಿ ಇಳಿಸಿ ಹತ್ತಿಸಿದ ಮನುಷ್ಯ. ಅವರ ಜೀವ ಅಪ್ಪನ ಕೈಲಿ ಇರಬಹುದಿತ್ತು, ಅಪ್ಪನ ಲೋಟ ಅವರ ಅಡುಗೆಮನೇಲಿ ಇರೋ ಹಾಗಿರಲಿಲ್ಲ.

2004ರಲ್ಲಿ ಅಪ್ಪ ಸೆಕೆಂಡ್ ಹ್ಯಾಂಡ್ ಮಾರುತಿ 800 ತಗೊಂಡ. ಬಿಳಿ ಬಣ್ಣ, ಎಡಗಡೆ ಬಾಗಿಲು ಒಳಗಿಂದ ಮಾತ್ರ ತೆಗೀತಿತ್ತು. ಮೊದಲ ಭಾನುವಾರವೇ ಮಾಲೂರು ಕಡೆಯ ನಮ್ಮೂರಿಗೆ ಹೊರಟ್ವಿ. ಏಳು ಜನ. ಕಂಪನಿಯವರು ನಾಲ್ಕೈದು ಜನರಿಗೆ ಅಂತ ಮಾಡಿದ್ದರಬಹುದು, ನಮ್ಮ ಸಂಸಾರ ಕಂಪನಿಯವರನ್ನ ಕೇಳಿ ಬೆಳೆದಿದ್ದಲ್ಲ. ಸರ್ಜಾಪುರ ದಾಟೋ ಮೊದಲೇ ಚಿಕ್ಕಮ್ಮ ವಾಂತಿ ಮಾಡ್ಕೊಂಡಳು. ದಾರಿಯಲ್ಲಿ ಹುಣಸೆ ಮರದ ಕೆಳಗೆ ನಿಲ್ಲಿಸಿ ಚಿತ್ರಾನ್ನ ತಿಂದ್ವಿ. ಅಪ್ಪ ಕಾರಿಗೆ ಒರಗಿಕೊಂಡು ನಿಂತು ತಿಂದ. ಅಷ್ಟು ವರ್ಷ ಯಾವ ಕಾರಿಗೂ ಒರಗಿದವನಲ್ಲ.

ಊರ ಬಾಗಿಲಲ್ಲಿ ಅರಳಿಕಟ್ಟೆ. ಅಲ್ಲಿ ಕೂತಿದ್ದ ಯಜಮಾನರೊಬ್ಬರು ಎದ್ದು ಬಂದು, ಬಗ್ಗಿ, ಹಿಂದಿನ ಸೀಟು ನೋಡಿದರು. ನಮ್ಮನ್ನ ನೋಡೋಕಲ್ಲ. ಓನರ್ ಎಲ್ಲಿ ಕೂತಿದ್ದಾನೆ ಅಂತ ಹುಡುಕ್ತಿದ್ರು. ಹಿಂದಿನ ಸೀಟಲ್ಲಿ ನಾವು ಐದು ಜನ ಒಬ್ಬರ ಮೇಲೊಬ್ಬರು. "ಯಾರ್ದೋ ಕಾರು?" ಅಂದರು.

ಅಪ್ಪ ಕೆಳಗಿಳಿದ. ಹೆಗಲ ಮೇಲಿದ್ದ ಟವೆಲ್ ಕಂಕುಳಿಗೆ ಬಂತು. "ಸಾಹೇಬ್ರದು ಸ್ವಾಮಿ. ಒಂದಿನಕ್ಕೆ ಕೊಟ್ಟವ್ರೆ."

ನನಗೆ ಆಗ ಹದಿನಾಲ್ಕು ವರ್ಷ. ಡ್ಯಾಶ್‌ಬೋರ್ಡ್ ಡಬ್ಬದೊಳಗೆ ಅಪ್ಪನ ಹೆಸರಿನ ಆರ್‌ಸಿ ಇತ್ತು, ಪಕ್ಕದಲ್ಲೇ ಬಾಬಾಸಾಹೇಬರ ಚಿಕ್ಕ ಫೋಟೊ. ಎರಡೂ ಡಬ್ಬದಿಂದ ಹೊರಗೆ ಬರಲಿಲ್ಲ. ವಾಪಸ್ ಬರೋವಾಗ ಯಾರೂ ಮಾತಾಡಲಿಲ್ಲ. ಬೆಂಗಳೂರು ಹತ್ತಿರ ಬಂದ ಮೇಲೆ ಅಮ್ಮ ಒಂದೇ ಮಾತು ಕೇಳಿದಳು: "ಆರ್‌ಸೀಲೂ ಸಾಹೇಬ್ರ ಹೆಸರೇ ಬರ್ಸಿದ್ಯಾ?"

ಅಪ್ಪ ಈಗ ಇಲ್ಲ. ಕಾರು ಇದೆ, ನಮ್ಮ ಗಲ್ಲಿಯ ಕೊನೆಯಲ್ಲಿ ನೀಲಿ ಟಾರ್ಪಾಲಿನ್ ಕೆಳಗೆ. ಆರ್‌ಸಿ ಅಮ್ಮನ ಹೆಸರಿಗೆ ಆಗಿದೆ. ಸಿನಿಮಾದ ಕಾರು ಅದೇ.

ಈಗ ವೆಸ್ಟರ್ನ್ ವಿಷಯಕ್ಕೆ ಬರೋಣ. ಹಾಲಿವುಡ್‌ನ ಆ ಸಿನಿಮಾಗಳಲ್ಲಿ ಮೂಲನಿವಾಸಿಗಳು ಗುಂಡು ತಿನ್ನೋಕೆ ಅಂತಲೇ ಗುಡ್ಡದ ಮೇಲೆ ಬರ್ತಿದ್ದರು ಅನ್ನೋದು ನಿಜ, ಒಪ್ತೀನಿ. ಆದರೆ ಅಲ್ಲಿ ನಿಜವಾಗಿ ದನ ಕಾದ ಕೌಬಾಯ್‌ಗಳಲ್ಲಿ ನಾಲ್ವರಿಗೆ ಒಬ್ಬ ಕಪ್ಪು ಮನುಷ್ಯ ಇದ್ದ ಅನ್ನೋದು ಇತಿಹಾಸಕಾರರ ಅಂದಾಜು. ತೆರೆ ಮೇಲೆ ಅವನನ್ನ ಅಳಿಸಿದರು. 1972ರಲ್ಲಿ ಸಿಡ್ನಿ ಪಾಯ್ಟಿಯೇ 'ಬಕ್ ಅಂಡ್ ದ ಪ್ರೀಚರ್' ಅಂತ ತಾನೇ ನಿರ್ದೇಶನ ಮಾಡಿ, ತಾನೇ ಕುದುರೆ ಹತ್ತಿದ. ಗುಲಾಮಗಿರಿಯಿಂದ ಬಿಡುಗಡೆಯಾಗಿ ಪಶ್ಚಿಮಕ್ಕೆ ಹೊರಟ ಕುಟುಂಬಗಳ ಬಂಡಿಸಾಲಿನ ಕಥೆ ಅದು. ಅವನು ಆ ಪ್ರಕಾರವನ್ನ ಬಿಟ್ಟುಕೊಡಲಿಲ್ಲ, ಕಿತ್ತುಕೊಂಡ.

ನಮ್ಮ ಕಡೆ ನೋಡಿ. ವೆಸ್ಟರ್ನ್ ಅಂದರೆ ಒಬ್ಬ ಮನುಷ್ಯ ಕುದುರೆ ಮೇಲೆ ಕೂತು ಊರೊಳಗೆ ಬರೋದು. ಆ ಒಂದೇ ದೃಶ್ಯ ಸಾಕು, ನಮ್ಮ ದೇಶದಲ್ಲಿ ಅದು ಎಫ್‌ಐಆರ್ ಆಗುತ್ತೆ. 2018ರ ಮಾರ್ಚಲ್ಲಿ ಗುಜರಾತಿನ ಭಾವನಗರ ಜಿಲ್ಲೆಯಲ್ಲಿ ಕುದುರೆ ಸಾಕಿ ಸವಾರಿ ಮಾಡ್ತಿದ್ದ ನಮ್ಮ ಹುಡುಗನೊಬ್ಬನ ಕೊಲೆ ಆಯ್ತು. ಕುದುರೆ ಹತ್ತಬೇಡ ಅಂತ ಬೆದರಿಕೆ ಇತ್ತು ಅಂತ ಅವನ ತಂದೆ ಹೇಳಿದರು. ಅದೇ ವರ್ಷ ಉತ್ತರ ಪ್ರದೇಶದ ಕಾಸ್‌ಗಂಜ್ ಜಿಲ್ಲೆಯಲ್ಲಿ ಒಬ್ಬ ಮದುಮಗ ತನ್ನ ಮೆರವಣಿಗೆ ಊರ ಬೀದೀಲಿ ಹೋಗಬೇಕು ಅಂತ ಹೈಕೋರ್ಟ್ ತನಕ ಹೋದ. ಕೊನೆಗೆ ಪೊಲೀಸ್ ಕಾವಲಲ್ಲಿ ಮದುವೆ ಆಯ್ತು. ಜಾನ್ ವೇಯ್ನ್‌ಗೆ ಇಷ್ಟು ಕಷ್ಟ ಇರಲಿಲ್ಲ.

ಮಾರಿ ಸೆಲ್ವರಾಜ್ ಅವರ 'ಕರ್ಣನ್' (2021) ನೋಡಿದವರಿಗೆ ನಾನು ಹೇಳ್ತಿರೋದು ಥಟ್ಟಂತ ಅರ್ಥ ಆಗುತ್ತೆ. ಊರಿಗೆ ಬಸ್ ನಿಲ್ಲಲ್ಲ, ಒಂದು ಕುದುರೆ ಇದೆ. ಎರಡೇ ವಸ್ತು ಇಟ್ಟುಕೊಂಡು ಇಡೀ ಜಾತಿಯನ್ನ ತೋರಿಸಿದರು. ಕನ್ನಡದಲ್ಲಿ ನಮಗೆ ಅಂಥದ್ದು ಯಾಕೆ ಬರಲಿಲ್ಲ? ಪಕ್ಕದ ರಾಮನಗರದ ಬಂಡೆಗಳ ನಡುವೆ 'ಶೋಲೆ' ತೆಗೆದರು, 1975ರಲ್ಲಿ ಬಂತು. ಅದೇ 1975ರಲ್ಲಿ ಬಿ.ವಿ. ಕಾರಂತರ 'ಚೋಮನ ದುಡಿ' ಬಂತು, ರಾಷ್ಟ್ರಪ್ರಶಸ್ತಿಯೂ ಬಂತು. ಒಂದರಲ್ಲಿ ಇಬ್ಬರು ಕೆಲಸವಿಲ್ಲದ ಕಳ್ಳರಿಗೆ ಕುದುರೆ, ಮೋಟರ್ ಸೈಕಲ್, ಇಡೀ ಬಯಲು. ಇನ್ನೊಂದರಲ್ಲಿ ಚೋಮನ ಹತ್ತಿರ ಒಂದು ಜೊತೆ ಎತ್ತು ಇದೆ, ಉಳೋಕೆ ತನ್ನದು ಅನ್ನೋ ಗೇಣು ನೆಲ ಇಲ್ಲ. ಎಂಜಿನ್ ಇದೆ, ರಸ್ತೆ ಇಲ್ಲ. ಈ ಎರಡು ಸಿನಿಮಾ ಒಂದೇ ಒಂದು ಸಲ ಎದುರುಬದುರು ಭೇಟಿ ಆಗಿದ್ದರೆ ಏನಾಗ್ತಿತ್ತು ಅಂತ ನಾನು ಎಷ್ಟೋ ಸಲ ಯೋಚನೆ ಮಾಡಿದ್ದೀನಿ. ಚೋಮ ರಾಮಗಢಕ್ಕೆ ಬಂದಿದ್ದರೆ ಠಾಕೂರ್ ಅವನನ್ನ ಮನೆಯೊಳಗೆ ಕರೀತಿದ್ನಾ?

ಕಾರಿನ ಶೋಕಿ ಅಂದವರಿಗೆ ಒಂದು ವಿಷಯ. ನಾನು ಬಸ್ಸಿನ ಪರ. ನಮ್ಮಮ್ಮ 2023ರ ಜೂನ್‌ನಿಂದ ಶಕ್ತಿ ಯೋಜನೇಲಿ ಓಡಾಡ್ತಿದ್ದಾಳೆ, ಅದರ ಬಗ್ಗೆ ಯಾರಾದ್ರೂ ವ್ಯಂಗ್ಯ ಮಾಡಿದರೆ ಮೊದಲು ಜಗಳಕ್ಕೆ ಹೋಗೋನು ನಾನೇ. ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ದಿನಾ ಹೊಗೆ ಕುಡಿಯೋನಿಗೆ ಕಾರು ಈ ನಗರಕ್ಕೆ ಏನು ಮಾಡಿದೆ ಅಂತ ಹೇಳಿಕೊಡಬೇಕಾಗಿಲ್ಲ. ಆದರೆ ಕಾರು ಅಂದ ತಕ್ಷಣ ನಿಮ್ಮ ಕಣ್ಣಿಗೆ ಬರೋದು ಜಯನಗರದ ಒಬ್ಬನೇ ಮನುಷ್ಯ ಕೂತು ಹೋಗೋ ದೊಡ್ಡ ಗಾಡಿ. ನನ್ನ ಕಣ್ಣಿಗೆ ಬರೋದು ಹಳದಿ ಬೋರ್ಡು.

ರಾತ್ರಿ ಎರಡು ಗಂಟೆಗೆ ಮಡಿವಾಳದ ಹೊಸೂರು ರಸ್ತೇಲಿ ನಡೆದು ನೋಡಿ. ಸೀಟು ಹಿಂದಕ್ಕೆ ಮಲಗಿಸಿ, ಕಾಲು ಡ್ಯಾಶ್‌ಬೋರ್ಡ್ ಮೇಲೆ ಇಟ್ಟು, ಗ್ಲಾಸು ಎರಡು ಬೆರಳು ಇಳಿಸಿ ಮಲಗಿರೋ ಹುಡುಗರು. ಕೋಲಾರ, ಚಿಂತಾಮಣಿ, ಪಾವಗಡ, ಮಳವಳ್ಳಿ. ಇವರಲ್ಲಿ ಕೆಲವರ ಕಾರು ಸರ್ಕಾರದ 'ಐರಾವತ' ಯೋಜನೇದು, ಪರಿಶಿಷ್ಟರಿಗೆ ಟ್ಯಾಕ್ಸಿ ಕೊಳ್ಳೋಕೆ 5 ಲಕ್ಷದವರೆಗೆ ಸಹಾಯಧನ ಸಿಗ್ತಿತ್ತು. ಹೆಸರು ಇಟ್ಟವರಿಗೆ ತಮಾಷೆ ಗೊತ್ತಿತ್ತೋ ಇಲ್ಲವೋ, ದೇವೇಂದ್ರನ ಆನೆ ಹೆಸರಲ್ಲಿ ನಮಗೆ ಬಾಡಿಗೆ ಕಾರು. ಆನೆ ಮೇಲೆ ಕೂರೋದು ಗಿರಾಕಿ, ಮಾವುತ ನಾವು, ಹುಲ್ಲಿನ ದುಡ್ಡಿಗೆ ಇಎಂಐ. ಆ ಕಾರಲ್ಲಿ ಹೆಂಡತಿ ಮಕ್ಕಳು ಕೂರೋದು ಅದು ದುಡಿಯದ ದಿನ ಮಾತ್ರ. ಆಯುಧಪೂಜೆ ದಿನ, ಊರ ಹಬ್ಬದ ದಿನ, ಯಾರಾದ್ರೂ ಸತ್ತ ದಿನ. ನಮ್ಮವರ ಫ್ಯಾಮಿಲಿ ಕಾರು ಅಂದರೆ ಇದು.

ಆಯುಧಪೂಜೆ ಅಂದಾಗ ನೆನಪಾಯ್ತು. ಪ್ರತಿ ವರ್ಷ ನಮ್ಮನೇಲಿ ಜಗಳ. ಅಮ್ಮ 800ಗೆ ಅರಿಶಿನ ಕುಂಕುಮ ಹಚ್ಚಿ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡ್ತಾಳೆ. ನಾನು ಮರುದಿನ ವಿಜಯದಶಮಿ, 1956ರಲ್ಲಿ ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತಗೊಂಡ ದಿನ, ನಾವು ಅದನ್ನ ಮಾಡಬೇಕು ಅಂತ ಭಾಷಣ ಮಾಡ್ತೀನಿ. ಅಮ್ಮ ಎರಡನ್ನೂ ಮಾಡ್ತಾಳೆ. ಕುಂಕುಮ ಹಚ್ಚಿದ ಬಾನೆಟ್ ಮೇಲೆ ನೀಲಿ ಬಾವುಟ. ಇದು ಸಿನಿಮಾದಲ್ಲಿ ಹಾಗೇ ಬರುತ್ತೆ, ಶುದ್ಧೀಕರಣ ಮಾಡಲ್ಲ.

ಅಮೆರಿಕದಲ್ಲೂ ಕಾರು ಕಪ್ಪು ಜನರಿಗೆ ಬರೀ ಶೋಕಿ ಆಗಿರಲಿಲ್ಲ. ಬಸ್ಸಲ್ಲಿ ಹಿಂದೆ ಕೂತುಕೋ ಅನ್ನೋರಿಂದ ತಪ್ಪಿಸಿಕೊಳ್ಳೋಕೆ ಕಾರು ಕೊಂಡರು. ಕಾರು ಬಂದ ಮೇಲೆ ಗೊತ್ತಾಯ್ತು, ದಾರೀಲಿ ಊಟ ಕೊಡಲ್ಲ, ರೂಮು ಕೊಡಲ್ಲ, ಕೆಲವು ಕಡೆ ಪೆಟ್ರೋಲೂ ಹಾಕಲ್ಲ ಅಂತ. ವಿಕ್ಟರ್ ಗ್ರೀನ್ ಅನ್ನೋ ನ್ಯೂಯಾರ್ಕಿನ ಒಬ್ಬ ಪೋಸ್ಟ್‌ಮ್ಯಾನ್ 1936ರಲ್ಲಿ 'ಗ್ರೀನ್ ಬುಕ್' ಅಂತ ಒಂದು ಪುಸ್ತಕ ತಂದ. ಎಲ್ಲಿ ನಿಂತರೆ ಅವಮಾನ ಇಲ್ಲ ಅನ್ನೋ ಪಟ್ಟಿ ಅದು, ಸುಮಾರು ಮೂವತ್ತು ವರ್ಷ ಹೊರಬಂತು. 1955ರಲ್ಲಿ ಮಾಂಟ್‌ಗೊಮರಿಯಲ್ಲಿ ಬಸ್ ಬಹಿಷ್ಕಾರ ಶುರುವಾದಾಗ ಒಂದು ವರ್ಷದ ಮೇಲೆ ಜನರನ್ನ ಕೆಲಸಕ್ಕೆ ಮುಟ್ಟಿಸಿದ್ದರಲ್ಲಿ ದೊಡ್ಡ ಪಾಲು ಸುಮಾರು 300 ಮನೆ ಕಾರುಗಳದ್ದು. ರೋಸಾ ಪಾರ್ಕ್ಸ್ ಹೆಸರು ನಮಗೆ ಗೊತ್ತು, ಆ ಕಾರು ಓಡಿಸಿದವರ ಹೆಸರು ಗೊತ್ತಿಲ್ಲ.

ನಮ್ಮ ಕಥೆ ಹೇಳಿಬಿಡ್ತೀನಿ, ಗುಟ್ಟೇನಿಲ್ಲ.

1901ರಲ್ಲಿ ಒಂಬತ್ತು ಹತ್ತು ವರ್ಷದ ಭೀಮ, ಅವನ ಅಣ್ಣ, ಅಕ್ಕನ ಮಕ್ಕಳು ಸಾತಾರಾದಿಂದ ಹೊರಟು ರೈಲಲ್ಲಿ ಮಸೂರು ಸ್ಟೇಷನ್‌ಗೆ ಇಳಿದರು. ಕೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದ ಅಪ್ಪನ ಹತ್ತಿರ ಹೊರಟಿದ್ದರು (ನಾವು ಜನವರಿ 1ಕ್ಕೆ ಹೋಗೋ ಭೀಮಾ ಕೋರೆಗಾಂವ್ ಬೇರೆ, ಇದು ಬೇರೆ). ಕಾಗದ ಅಪ್ಪನಿಗೆ ಮುಟ್ಟಿರಲಿಲ್ಲ, ಕರ್ಕೊಂಡು ಹೋಗೋಕೆ ಯಾರೂ ಬಂದಿರಲಿಲ್ಲ. ಮಹಾರ್ ಮಕ್ಕಳು ಅಂತ ಗೊತ್ತಾದ ಮೇಲೆ ಗಾಡಿಯವರು ಯಾರೂ ಹತ್ತಿಸಲಿಲ್ಲ. ಕೊನೆಗೆ ಒಬ್ಬ ಒಪ್ಪಿದ: ಎರಡರಷ್ಟು ಬಾಡಿಗೆ, ಎತ್ತು ಮಕ್ಕಳೇ ಹೊಡೀಬೇಕು, ತಾನು ಪಕ್ಕದಲ್ಲಿ ನಡ್ಕೊಂಡು ಬರ್ತೀನಿ. ದಾರೀಲಿ ಕೈಯಲ್ಲಿ ಬುತ್ತಿ ಇತ್ತು, ಕುಡಿಯೋಕೆ ನೀರಿಲ್ಲ. ರಾತ್ರಿ ಸುಂಕದ ಕಟ್ಟೆಯವನನ್ನ ಕೇಳಿದರು, ಮುಸ್ಲಿಮರು ಅಂತ ಸುಳ್ಳೂ ಹೇಳಿದರು, ಆದರೂ ಸಿಗಲಿಲ್ಲ. ಬುತ್ತಿ ಪಕ್ಕದಲ್ಲಿ ಇಟ್ಟುಕೊಂಡು ಹಸಿದು ಮಲಗಿದರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬಾಬಾಸಾಹೇಬರೇ ಬರೆದಿದ್ದಾರೆ. 1929ರಲ್ಲಿ ಚಾಳೀಸ್‌ಗಾಂವ್‌ನಲ್ಲಿ ಮತ್ತೆ ಅದೇ ಕಥೆ. ಅಷ್ಟೊತ್ತಿಗೆ ಅವರು ಬ್ಯಾರಿಸ್ಟರ್, ಸರ್ಕಾರದ ಸಮಿತಿ ಸದಸ್ಯ. ಟಾಂಗಾದವನು ಅವರನ್ನ ಕೂರಿಸ್ಕೊಂಡು ಓಡಿಸಲ್ಲ ಅಂದ, ನಮ್ಮವರೇ ಒಬ್ಬರು ಅಭ್ಯಾಸ ಇಲ್ಲದೆ ಓಡಿಸೋಕೆ ಹೋಗಿ ಸೇತುವೆ ಮೇಲೆ ಟಾಂಗಾ ಮಗುಚಿತು, ಬಾಬಾಸಾಹೇಬರ ಕಾಲು ಮುರೀತು.

ಇದಕ್ಕಿಂತ ದೊಡ್ಡ ವೆಸ್ಟರ್ನ್ ಯಾವುದಿದೆ ಹೇಳಿ. ಬಯಲು, ಬಂಡಿ, ನೀರು ಕೊಡದ ಊರು, ಸುಂಕದ ಕಟ್ಟೆ. ಎಲ್ಲಾ ಇದೆ.

ನಮ್ಮ ಸಿನಿಮಾ 2101ರಲ್ಲಿ ನಡೆಯುತ್ತೆ. ಆ ಪ್ರಯಾಣ ಆಗಿ ಇನ್ನೂರು ವರ್ಷ. ನೀರಿಗೆ ಬೆಲೆ ಬಂದಿದೆ, ಪ್ರತಿ ಊರ ಬಾಗಿಲಲ್ಲೂ ಗೇಟು. ಮಡಿವಾಳದ ಒಂದು ಸಂಸಾರ, ಅಜ್ಜಿ, ಮಗಳು, ಅಳಿಯ, ಮೂರು ಮಕ್ಕಳು, ಒಂದು ಅಜ್ಜನ ಕಾಲದ ಮಾರುತಿ 800ರಲ್ಲಿ ಎರಡು ಕ್ಯಾನ್ ನೀರು ಇಟ್ಟುಕೊಂಡು ಮಸೂರಿಗೆ ಹೊರಡ್ತಾರೆ. ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಕರಾಡ. ಆ ಸುಂಕದ ಕಟ್ಟೆ ಇದ್ದ ದಾರೀಲಿ ನೀರಿಟ್ಟು ಬರಬೇಕು, ಯಾರು ಬೇಕಾದ್ರೂ ಕುಡೀಲಿ ಅಂತ. ಅಷ್ಟೇ ಕಥೆ. ದಾರೀಲಿ ಅವರನ್ನ ತಡೆಯೋರು ಇದ್ದಾರೆ, ಅಟ್ಟಿಸಿಕೊಂಡು ಬರೋರು ಇದ್ದಾರೆ, ಪ್ರತಿ ಗೇಟಲ್ಲೂ ಒಬ್ಬ ಬಗ್ಗಿ ಹಿಂದಿನ ಸೀಟು ನೋಡ್ತಾನೆ. "ಯಾರ್ದು ಕಾರು?" ಅಜ್ಜಿ ಪಾತ್ರಕ್ಕೆ ಬರೆದಿರೋ ಡೈಲಾಗು ಒಂದೇ ಪದ, "ನಂದು".

ಈ ದಾರಿ ನಾವು ಕಂಡು ಹಿಡಿದಿದ್ದಲ್ಲ. ಪ್ರತಿ ವರ್ಷ ಡಿಸೆಂಬರ್ ಕೊನೆಗೆ ಭೀಮಾ ಕೋರೆಗಾಂವ್‌ಗೆ ನಮ್ಮ ಟೆಂಪೋ ಟ್ರಾವೆಲರ್, ಸುಮೋ, ಓಮ್ನಿಗಳು ಇದೇ ಹೆದ್ದಾರೀಲಿ ಹೋಗ್ತವೆ. ಹಿಂದಿನ ಸೀಟಲ್ಲಿ ಅಜ್ಜಿಯರು, ಡಿಕ್ಕೀಲಿ ಪಾತ್ರೆ ಸ್ಟೌವು, ಕಿಟಕೀಲಿ ನೀಲಿ ಬಾವುಟ. ಪೆಟ್ರೋಲ್ ಬಂಕಲ್ಲಿ ಸಾಲಾಗಿ ನಿಂತಿರೋದನ್ನ ನೋಡಿದಾಗಲೇ ನನಗೆ ಸಿನಿಮಾ ಕಂಡಿದ್ದು.

ದುಡ್ಡಿಲ್ಲದೆ ಭವಿಷ್ಯದ ಸಿನಿಮಾ ಹೆಂಗೆ ಮಾಡ್ತೀರಿ ಅಂತ ಕೇಳಿದವರಿಗೆ: ಬೆಂಗಳೂರಲ್ಲಿ ಸೆಟ್ ಹಾಕಬೇಕಾಗಿಲ್ಲ. ನಮ್ಮ ಮಡಿವಾಳ ಕೆರೆ ಕೋಡಿ ನೀರು ಅಗರದ ಮೂಲಕ ಹೋಗಿ ಸೇರೋ ಬೆಳ್ಳಂದೂರು ಕೆರೆ 2018ರ ಜನವರೀಲಿ ಧಗಧಗ ಉರೀತು, ನೀರಿನ ಮೇಲೆ ಬೆಂಕಿ, ಸೈನಿಕರು ಬಂದು ಆರಿಸಿದರು. ಯಾವ ಗ್ರಾಫಿಕ್ಸ್ ಬೇಕು? ಸಿಲ್ಕ್ ಬೋರ್ಡ್ ಹತ್ರ ಡಬಲ್ ಡೆಕ್ಕರ್ ಮೇಲ್ಸೇತುವೆ, ಅದರ ಮೇಲೆ 2025ರ ಆಗಸ್ಟ್‌ನಿಂದ ಹಳದಿ ಮೆಟ್ರೋ, ಕೆಳಗೆ ಗೋಣಿ ಹೊತ್ತು ಪ್ಲಾಸ್ಟಿಕ್ ಆಯೋ ಹೆಂಗಸು. ಫೋನು ಹಿಡಿದರೆ ಸಾಕು, ಭವಿಷ್ಯ ಚೌಕಟ್ಟಿನಲ್ಲೇ ಇದೆ. 2101ರಲ್ಲೂ ನಮ್ಮ ಸಿನಿಮಾದಲ್ಲಿ ಒಬ್ಬ ಮ್ಯಾನ್‌ಹೋಲಿಂದ ಮೇಲೆ ಬರ್ತಾನೆ. ಮಲ ಹೊರಿಸೋದನ್ನ ನಿಷೇಧಿಸೋ ಕಾಯ್ದೆ 2013ರಲ್ಲೇ ಬಂದಿದೆ, ಅವನು ಇನ್ನೂ ಇಳೀತಿದ್ದಾನೆ. ಹಾರೋ ಕಾರು ತೋರಿಸೋರು ಬೇರೆಯವರು ಇದ್ದಾರೆ.

ಕನ್ನಡದಲ್ಲಿ ಪವನ್ ಕುಮಾರ್ 2013ರಲ್ಲಿ 'ಲೂಸಿಯಾ'ವನ್ನ ನೂರಕ್ಕೂ ಹೆಚ್ಚು ಜನರಿಂದ ಸುಮಾರು 50 ಲಕ್ಷ ಸೇರಿಸಿ ಮಾಡಿದರು. ನಮಗೆ ಅಷ್ಟು ದುಡ್ಡೂ ಇಲ್ಲ, ಅಷ್ಟು ಸ್ನೇಹಿತರೂ ಇಲ್ಲ. ನಮ್ಮ ಗುರು ಅಂದರೆ ಆಸ್ಟ್ರೇಲಿಯಾದ ಜಾರ್ಜ್ ಮಿಲ್ಲರ್. ಆಸ್ಪತ್ರೇಲಿ ಡಾಕ್ಟರಾಗಿದ್ದ ಮನುಷ್ಯ, ಅಪಘಾತದ ಕೇಸುಗಳನ್ನ ಕಣ್ಣಾರೆ ನೋಡಿದವನು. ಸಿನಿಮಾಗೆ ದುಡ್ಡು ಸೇರಿಸೋಕೆ ತುರ್ತು ಕರೆ ಬಂದ ಕಡೆ ಹೋಗಿ ವೈದ್ಯ ಮಾಡ್ತಿದ್ದ, ಗೆಳೆಯ ಬೈರನ್ ಕೆನಡಿ ಕಾರು ಓಡಿಸ್ತಿದ್ದ. ಸುಮಾರು ನಾಲ್ಕು ಲಕ್ಷ ಡಾಲರ್‌ನಲ್ಲಿ 1979ರ 'ಮ್ಯಾಡ್ ಮ್ಯಾಕ್ಸ್' ಆಯ್ತು. ಒಡೆಯೋಕೆ ಗಾಡಿ ಸಾಲದೆ ಮಿಲ್ಲರ್ ತನ್ನ ಸ್ವಂತ ವ್ಯಾನನ್ನೇ ಒಡೆಸಿದ.

ಇಲ್ಲೇ ನಾನು ಗುರುವಿನ ಕೈ ಬಿಡೋದು. ಮ್ಯಾಡ್ ಮ್ಯಾಕ್ಸಲ್ಲಿ ಹೀರೋನ ಹೆಂಡತಿ ಮಗುವಿನ ಮೇಲೆ ಬೈಕಿನವರು ಹಾಯಿಸಿಬಿಡ್ತಾರೆ. ಆಮೇಲೆ ಅವನೊಬ್ಬ, ಕಪ್ಪು ಕಾರೊಂದು, ಉದ್ದ ರಸ್ತೆ. ವೆಸ್ಟರ್ನ್‌ಗಳೆಲ್ಲ ಹೀಗೇ: ಸಂಸಾರ ಸತ್ತ ಮೇಲೇ ಗಂಡಸಿಗೆ ಕಥೆ ಸಿಗೋದು. ನಮ್ಮಲ್ಲಿ ಒಂಟಿಯಾಗಿ ರಾತ್ರಿ ರಸ್ತೇಲಿ ಹೋಗೋ ದಲಿತ ಯುವಕ ಹೀರೋ ಅಲ್ಲ, ಬೆಳಿಗ್ಗೆ ಪೇಪರಿನ ಸುದ್ದಿ. ಆದ್ದರಿಂದ ನಮ್ಮ ಕಾರಲ್ಲಿ ಎಲ್ಲರೂ ಇರ್ತಾರೆ. ಆರೂ ಜನ ಹೋಗ್ತಾರೆ, ಆರೂ ಜನ ವಾಪಸ್ ಬರ್ತಾರೆ. ಮಧ್ಯದಲ್ಲಿ ಒಬ್ಬರು ವಾಂತಿ ಮಾಡ್ತಾರೆ.

ಕಾರು ಸುಡಿ ಅಂದ ಗೆಳೆಯರೇ, ನಿಮ್ಮ ಲೆಕ್ಕ ಸರಿಯೇ ಇರಬಹುದು. ಬೆಂಕಿ ತೆರೆ ಮೇಲೆ ಚೆನ್ನಾಗಿ ಕಾಣುತ್ತೆ, ಅದಕ್ಕೆ ದುಡ್ಡೂ ಬೇಕಾಗಿಲ್ಲ. ಆದರೆ ಮರಕುಂಬಿ ನೆನಪಿದೆಯಾ? 2014ರಲ್ಲಿ ಗಂಗಾವತಿಯ ಸಿನಿಮಾ ಥಿಯೇಟರ್ ಹತ್ರ ಶುರುವಾದ ಜಗಳ ಊರಿಗೆ ಬಂದು ನಮ್ಮವರ ಗುಡಿಸಲು ಸುಟ್ಟಿತು. ಹತ್ತು ವರ್ಷ ಆದ ಮೇಲೆ, 2024ರ ಅಕ್ಟೋಬರಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಕೊಟ್ಟಿತು. ತಿಂಗಳೊಪ್ಪತ್ತಲ್ಲೇ ಹೆಚ್ಚಿನವರಿಗೆ ಹೈಕೋರ್ಟಿಂದ ಜಾಮೀನೂ ಸಿಕ್ಕಿತು. ಹಿರಿಯ ಸಂಗಾತಿಗಳು ಕೇಳಿದ ಪ್ರಶ್ನೆಗೂ ನನ್ನ ಉತ್ತರ ಇದೇ. ನಮ್ಮ ವಸ್ತು ಉರಿಯೋದನ್ನ ನಮ್ಮ ಜನ ನಿಜದಲ್ಲಿ ಸಾಕಷ್ಟು ನೋಡಿದ್ದಾರೆ. ಅದನ್ನ ದಾಖಲೆ ಮಾಡೋ ಸಿನಿಮಾಗಳು ಬೇಕು, ಆಗಲಿ, ನಾನು ಟ್ರೈಪಾಡ್ ಹೊರ್ತೀನಿ. ಆದರೆ ನಮ್ಮ ಮಕ್ಕಳು ತೆರೆ ಮೇಲೆ ತಮ್ಮ ಮನೆಯವರನ್ನ ನೋಡೋದು ಹೆಣವಾದಾಗ ಮಾತ್ರ ಅನ್ನೋದಾದರೆ ಅದನ್ನ ನಾನು ಒಪ್ಪಲ್ಲ. ಚಿತ್ರಾನ್ನ ತಿನ್ನುತ್ತಾ ಕಾರಿಗೆ ಒರಗಿ ನಿಂತ ಅಪ್ಪನಿಗೂ ಒಂದು ಫ್ರೇಮು ಬೇಕು.

ಆದರೂ ಸತ್ಯ ಹೇಳಬೇಕು, ನಾನೂ ಒಂದು ವಾರ ಸುಡೋ ಯೋಚನೇಲಿದ್ದೆ. ಸ್ಕ್ರಿಪ್ಟಲ್ಲಿ ಬರೆದೂ ಇದ್ದೆ: ಮಸೂರು ಮುಟ್ಟಿದ ಮೇಲೆ ಎದುರಾಳಿಗಳು ಕಾರಿಗೆ ಬೆಂಕಿ ಇಡ್ತಾರೆ, ಸಂಸಾರ ನಡೆದು ಹೋಗುತ್ತೆ, ಸೂರ್ಯ ಮುಳುಗ್ತಾನೆ. ಅಮ್ಮನಿಗೆ ಓದಿ ಹೇಳಿದೆ. ಅವಳು ಸೊಪ್ಪು ಬಿಡಿಸ್ತಿದ್ದಳು. ಅಳಲಿಲ್ಲ, ಅಪ್ಪನ ನೆನಪು ತೆಗೀಲಿಲ್ಲ. "ಸುಟ್ಮೇಲೆ ವಾಪಸ್ ಹೆಂಗ್ ಬರ್ತಾರೆ? ಆ ಮಕ್ಳು ಏಳ್ನೂರ್ ಕಿಲೋಮೀಟ್ರು ನಡೀತಾವಾ?" ಅಂದಳು.

ಆ ಪುಟ ಹರಿದು ಹಾಕಿದೆ.

ಅಜ್ಜಿ ಪಾತ್ರ ಯಾರು ಮಾಡ್ತಾರೆ ಅಂತ ಈಗ ನಿಮಗೆ ಗೊತ್ತಾಗಿರಬೇಕು. ಇನ್ನೂ ಒಪ್ಪಿಲ್ಲ, ಒಪ್ಪಿಸ್ತೀವಿ. ಡ್ರೈವಿಂಗ್ ಕಲಿಯೋಕೆ ಮಾತ್ರ ಒಪ್ಪಿದ್ದಾಳೆ. ಭಾನುವಾರ ಬೆಳಿಗ್ಗೆ ಆರಕ್ಕೆ ಕೆರೆ ಪಕ್ಕದ ರಸ್ತೇಲಿ ಕ್ಲಚ್ ಬಿಡೋದು ಹೇಳಿಕೊಡ್ತಿದ್ದೀನಿ. ಮೂರು ಸಲ ಆಫ್ ಆಯ್ತು, ನಾಲ್ಕನೇ ಸಲ ಗೇಟ್ ತನಕ ಹೋಯ್ತು.

ಈಗ ಕೆಲಸದ ಮಾತು. ಬೆನ್ನಟ್ಟಿ ಬರೋರ ಕಡೆಗೆ ನಮಗೆ ಎರಡು ಓಮ್ನಿ, ಒಂದು ಹಳೇ ಸುಮೋ ಬೇಕು. ಓಡಬೇಕು ಅಷ್ಟೇ, ಚೆನ್ನಾಗಿ ಕಾಣಬೇಕಾಗಿಲ್ಲ. ಡೀಸೆಲ್ ನಮ್ದು, ಊಟ ನಮ್ದು, ಬಾಡಿಗೆ ಕೊಡೋಕೆ ಆಗಲ್ಲ. ಇರೋರು ಇನ್‌ಬಾಕ್ಸ್ ಮಾಡಿ. ಗಾಡಿಗೆ ಗೀರು ಬಿದ್ದರೆ ಪೇಂಟ್ ಮಾಡಿಸಿಕೊಡ್ತೀವಿ. ಸುಡಲ್ಲ, ಹೆದರಬೇಡಿ.

ಜೈಭೀಮ್.